ವೂಕಾಮರ್ಸ್‌ನಿಂದ ಶಾಪಿಫೈಗೆ ಅಂಗಡಿ ಸಾಗಿಸುವಾಗ ವೇರಿಯಂಟ್, ಹಳೆಯ ಲಿಂಕ್, ಆರ್ಡರ್ ಕಳೆದುಹೋಗದಂತೆ ನೋಡಿಕೊಳ್ಳುವುದು ಹೇಗೆ?

ಬಿಡಿಸರಕು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಟ್ಟೆ ಮತ್ತು ಮನೆಬಳಕೆಯ ಸಾಮಾನು ಮಾರುವ ಆನ್‌ಲೈನ್ ಅಂಗಡಿಯೊಂದನ್ನು ವೂಕಾಮರ್ಸ್‌ನಿಂದ (ವರ್ಡ್‌ಪ್ರೆಸ್ ಸೈಟ್‌ಗೆ ಸೇರಿಸುವ ಅಂಗಡಿ ಪ್ಲಗಿನ್) ಶಾಪಿಫೈಗೆ (ಅಂಗಡಿ ನಡೆಸಿಕೊಡುವ ಆನ್‌ಲೈನ್ ಸೇವೆ) ಸಾಗಿಸಬೇಕಿದೆ. ಡೊಮೇನ್ ಅದೇ ಇರುತ್ತದೆ. ಉತ್ಪನ್ನಗಳು 1,400, ಅದರಲ್ಲಿ 600 ವೇರಿಯಬಲ್, ಅಂದರೆ ಬಣ್ಣ, ಅಳತೆಯಂತೆ ಹಲವು ರೂಪ (ವೇರಿಯಂಟ್) ಇರುವವು. ಕೆಟಗರಿಗಳು ಮೂರು ಹಂತದವರೆಗೆ ಇವೆ. ಹಳೆಯ ಆರ್ಡರ್‌ಗಳು 22,000ದ ಆಸುಪಾಸು. ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗೂಗಲ್ ಹುಡುಕಾಟದಿಂದ ಬರುವವರು.

ವೂಕಾಮರ್ಸ್‌ನದ್ದೇ ಎಕ್ಸ್‌ಪೋರ್ಟ್ ಬಳಸಿ ಸಿಎಸ್‌ವಿ (ಸಾಲು-ಕಾಲಂಗಳ ಪಠ್ಯ ಕಡತ) ತೆಗೆದು, ಕಾಲಂ ಹೆಸರು ಬದಲಿಸಿ ಪ್ರಯೋಗದ ಅಂಗಡಿಗೆ ಹಾಕಿ ನೋಡಿದೆವು. ಸರಳ ಉತ್ಪನ್ನಗಳು ಸರಿಯಾಗಿ ಬಂದವು. ವೇರಿಯಬಲ್‌ಗಳಲ್ಲಿ ಕೆಲವಕ್ಕೆ ಅರ್ಧ ವೇರಿಯಂಟ್ ಇಲ್ಲ, ಕೆಲವಕ್ಕೆ ಹೆಸರಿಲ್ಲದ ಒಂದು ವೇರಿಯಂಟ್ ಹೆಚ್ಚುವರಿಯಾಗಿ ಸೇರಿಕೊಂಡಿದೆ. ಇದಕ್ಕೇನು ಕಾರಣ? ಹಳೆಯ ಲಿಂಕ್‌ಗಳನ್ನೆಲ್ಲ ಹೊಸದಕ್ಕೆ ತಿರುಗಿಸುವ ಸರಿಯಾದ ಕ್ರಮ ಯಾವುದು? ಆರ್ಡರ್, ಗಿರಾಕಿ ಖಾತೆ, ರಿವ್ಯೂಗಳಲ್ಲಿ ಯಾವುದನ್ನು ತರಬಹುದು, ಯಾವುದನ್ನು ತರಲು ಆಗುವುದಿಲ್ಲ?

---

ಸಾಲುಕಾಲಂ:

ವೇರಿಯಂಟ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಉಳಿದದ್ದನ್ನು ಬೇರೆಯವರು ಹೇಳಲಿ.

ಅರ್ಧ ವೇರಿಯಂಟ್ ಕಾಣೆಯಾಗುವುದಕ್ಕೆ ಹೆಚ್ಚಾಗಿ ಕಾರಣ ವೂಕಾಮರ್ಸ್‌ನ ‘ಎನಿ’ ಆಯ್ಕೆ. ಒಂದು ಅಂಗಿಗೆ 4 ಬಣ್ಣ, 3 ಅಳತೆ ಇದ್ದು ಬೆಲೆ ಬಣ್ಣದಿಂದ ಮಾತ್ರ ಬದಲಾಗುತ್ತದೆ ಎನ್ನೋಣ. ಅಲ್ಲಿ ನಾಲ್ಕೇ ವೇರಿಯೇಷನ್ (ವೇರಿಯಂಟ್‌ಗೆ ವೂಕಾಮರ್ಸ್‌ನ ಹೆಸರು) ಮಾಡಿ, ಅಳತೆಯ ಜಾಗದಲ್ಲಿ ‘ಎನಿ’ ಎಂದು ಬಿಟ್ಟರೆ ಕೆಲಸ ನಡೆಯುತ್ತದೆ. ಎಕ್ಸ್‌ಪೋರ್ಟ್ ಆದಾಗ ಆ ಕೋಶ ಖಾಲಿಯಾಗಿ ಬರುತ್ತದೆ. ಶಾಪಿಫೈನಲ್ಲಿ ‘ಯಾವುದಾದರೂ’ ಎಂಬ ವೇರಿಯಂಟೇ ಇಲ್ಲ, ಪ್ರತಿ ಜೋಡಿಗೂ ಒಂದು ಸಾಲು ಬೇಕು. ಅಂದರೆ ನಾಲ್ಕನ್ನು ಹನ್ನೆರಡು ಸಾಲಾಗಿ ಬಿಡಿಸಬೇಕು. ಮೊದಲು ಟೈಪ್ ಕಾಲಂನಲ್ಲಿ ‘ವೇರಿಯೇಷನ್’ ಎಂದಿದ್ದು ಆಟ್ರಿಬ್ಯೂಟ್ (ಬಣ್ಣ, ಅಳತೆಯಂಥ ಗುಣ) ಮೌಲ್ಯ ಖಾಲಿ ಇರುವ ಸಾಲುಗಳನ್ನೆಲ್ಲ ಫಿಲ್ಟರ್ ಹಾಕಿ ಹೆಕ್ಕಿ ನೋಡಿ. ತೊಂದರೆ ಕೊಡುತ್ತಿರುವ ಉತ್ಪನ್ನಗಳ ಪಟ್ಟಿ ಬಹುತೇಕ ಅಲ್ಲೇ ಸಿಗುತ್ತದೆ.

ಬಿಡಿಸುವಾಗ ಸ್ಟಾಕ್ ಕಡೆ ತುಂಬಾ ಗಮನವಿರಲಿ. ವೂಕಾಮರ್ಸ್‌ನಲ್ಲಿ ಸ್ಟಾಕನ್ನು ಮೂಲ ಉತ್ಪನ್ನದ ಮಟ್ಟದಲ್ಲೇ ಇಡಬಹುದು, ಎಲ್ಲ ವೇರಿಯೇಷನ್‌ಗಳೂ ಅದೇ 30ನ್ನು ಹಂಚಿಕೊಳ್ಳುತ್ತವೆ. ಶಾಪಿಫೈ ಸ್ಟಾಕ್ ಎಣಿಸುವುದು ಪ್ರತಿ ವೇರಿಯಂಟ್‌ಗೆ ಪ್ರತ್ಯೇಕವಾಗಿ. ಆ 30ನ್ನು ಹನ್ನೆರಡು ಸಾಲಿಗೂ ನಕಲು ಮಾಡಿದರೆ ಅಂಗಡಿಯಲ್ಲಿ 360 ಅಂಗಿ ಇದೆಯೆಂದು ತೋರಿಸುತ್ತದೆ, ಇಲ್ಲದ ಮಾಲು ಮಾರಾಟವಾಗುತ್ತದೆ. ಗೋದಾಮಿನಲ್ಲಿ ಎಣಿಸಿ ಹಂಚುವುದೊಂದೇ ದಾರಿ, ಇದಕ್ಕೆ ಸೂತ್ರ ಬರೆದು ತಪ್ಪಿಸಿಕೊಳ್ಳಲಾಗದು.

ಹೆಸರಿಲ್ಲದ ಹೆಚ್ಚುವರಿ ವೇರಿಯಂಟ್ ಬರುವುದು ಮೂಲ ಉತ್ಪನ್ನದ ಸಾಲಿನಿಂದ. ವೂಕಾಮರ್ಸ್ ಕಡತದಲ್ಲಿ ಮೂಲ ಉತ್ಪನ್ನಕ್ಕೆ ಒಂದು ಸಾಲು, ಅದರ ಕೆಳಗೆ ವೇರಿಯೇಷನ್ ಸಾಲುಗಳು. ಹನ್ನೆರಡು ವೇರಿಯಂಟ್ ಇದ್ದರೆ ಒಟ್ಟು 13 ಸಾಲು. ಶಾಪಿಫೈ ಕಡತದಲ್ಲಿ ಮೂಲಕ್ಕೆ ಬೇರೆ ಸಾಲಿಲ್ಲ. ಮೊದಲ ವೇರಿಯಂಟ್‌ನ ಸಾಲಿನಲ್ಲೇ ಶೀರ್ಷಿಕೆ, ವಿವರಣೆ, ಟ್ಯಾಗ್ ಎಲ್ಲ ಇರಬೇಕು. ಉಳಿದ 11 ಸಾಲುಗಳಲ್ಲಿ ಹ್ಯಾಂಡಲ್ (ವಿಳಾಸದ ಕೊನೆಗೆ ಬರುವ ಉತ್ಪನ್ನದ ಗುರುತು) ಅದೇ ಇದ್ದು, ಶೀರ್ಷಿಕೆ ಖಾಲಿ ಇರಬೇಕು. ಹೆಚ್ಚುವರಿ ಚಿತ್ರಗಳಿಗೆ ಅದೇ ಹ್ಯಾಂಡಲ್ ಕೊಟ್ಟು, ಚಿತ್ರದ ವಿಳಾಸ ಮತ್ತು ಕ್ರಮಸಂಖ್ಯೆ ಮಾತ್ರ ಇರುವ ಸಾಲುಗಳನ್ನು ಕೊನೆಗೆ ಸೇರಿಸಿ.

ಶಾಪಿಫೈನಲ್ಲಿ ಒಂದು ಉತ್ಪನ್ನಕ್ಕೆ ಆಯ್ಕೆಗಳು (ಬಣ್ಣ, ಅಳತೆಯಂಥವು) ಮೂರೇ. ವೇರಿಯಂಟ್ ಮಿತಿ ಹಿಂದೆ 100 ಇದ್ದದ್ದು ಈಗ 2,048ಕ್ಕೆ ಏರಿದೆ, ಆದರೆ ಮೂರು ಆಯ್ಕೆಯ ಮಿತಿ ಹಾಗೇ ಇದೆ. ನಾಲ್ಕು ಆಟ್ರಿಬ್ಯೂಟ್ ಇರುವ ಉತ್ಪನ್ನದಲ್ಲಿ ಎರಡನ್ನು ಕೂಡಿಸಿ ಒಂದು ಮಾಡಿ. ಕೊಳ್ಳುವವರು ಆರಿಸಬೇಕಿಲ್ಲದ ಬರೀ ಮಾಹಿತಿಯಾದರೆ ಮೆಟಾಫೀಲ್ಡ್‌ಗೆ (ಹೆಚ್ಚುವರಿ ಮಾಹಿತಿಯ ಕೋಶ) ಹಾಕಿ.

ಕಡತ ಮುಟ್ಟುವ ಮುಂಚೆ ನೋಡಬೇಕಾದವು ಇನ್ನೂ ಇವೆ:

ಬೆಲೆ. ವೂಕಾಮರ್ಸ್‌ನಲ್ಲಿ ‘ರೆಗ್ಯುಲರ್’, ‘ಸೇಲ್’ ಎಂದು ಎರಡು ಕಾಲಂ. ಶಾಪಿಫೈನ ‘ಪ್ರೈಸ್’ ಎಂದರೆ ಗಿರಾಕಿ ನಿಜವಾಗಿ ಕೊಡುವ ಹಣ. ರಿಯಾಯಿತಿ ಇರುವ ಉತ್ಪನ್ನದಲ್ಲಿ ‘ಸೇಲ್’ ಮೊತ್ತ ‘ಪ್ರೈಸ್’ಗೂ, ‘ರೆಗ್ಯುಲರ್’ ಮೊತ್ತ ‘ಕಂಪೇರ್ ಅಟ್ ಪ್ರೈಸ್’ಗೂ ಹೋಗಬೇಕು. ರಿಯಾಯಿತಿ ಇಲ್ಲದಿದ್ದರೆ ‘ರೆಗ್ಯುಲರ್’ ಮೊತ್ತ ‘ಪ್ರೈಸ್’ಗೆ ಹೋಗಿ ಇನ್ನೊಂದು ಖಾಲಿ ಉಳಿಯಬೇಕು. ಕಾಲಂ ಹೆಸರು ಮಾತ್ರ ಬದಲಿಸಿದರೆ ಇದು ಆಗುವುದಿಲ್ಲ, ಷರತ್ತು ಹಾಕಿದ ಸೂತ್ರ ಬೇಕು. ಬೆಲೆಯಲ್ಲಿ ತೆರಿಗೆ ಸೇರಿದೆಯೇ ಇಲ್ಲವೇ ಎಂಬುದು ಎರಡೂ ಕಡೆ ಸೆಟ್ಟಿಂಗ್‌ನಲ್ಲಿದೆ, ಕಡತದಲ್ಲಿ ಬರುವುದಿಲ್ಲ.

ತೂಕ. ವೂಕಾಮರ್ಸ್ ಅಂಗಡಿಯ ಅಳತೆಮಾನದಲ್ಲಿ, ಅಂದರೆ ಬಹಳ ಕಡೆ ಕಿಲೋದಲ್ಲಿ ಕೊಡುತ್ತದೆ. ಶಾಪಿಫೈ ಕಡತದ ತೂಕದ ಕಾಲಂ ಗ್ರಾಂನಲ್ಲಿದೆ. 0.35 ಎಂದಿರುವುದು 350 ಆಗಬೇಕು. ಆಗದಿದ್ದರೆ ತೂಕದ ಮೇಲೆ ನಿಂತ ಸಾಗಣೆ ದರವೆಲ್ಲ ಅತಿ ಕಡಿಮೆ ಹಂತಕ್ಕೆ ಬೀಳುತ್ತದೆ, ಅದು ಗೊತ್ತಾಗುವುದು ಕೊರಿಯರ್ ಬಿಲ್ ಬಂದಾಗ.

ವಿವರಣೆ. ಕಡತದಲ್ಲಿ ಚೌಕ ಆವರಣದ ಶಾರ್ಟ್‌ಕೋಡ್‌ಗಳನ್ನೂ (ವರ್ಡ್‌ಪ್ರೆಸ್ ಮಾತ್ರ ಅರ್ಥಮಾಡಿಕೊಳ್ಳುವ ಸಂಕೇತ) ‘ಡಬ್ಲ್ಯುಪಿ-ಕಂಟೆಂಟ್’ ಎಂಬ ಪದವನ್ನೂ ಹುಡುಕಿ. ಶಾರ್ಟ್‌ಕೋಡ್ ಹೊಸ ಅಂಗಡಿಯಲ್ಲಿ ಬರೀ ಅಕ್ಷರವಾಗಿ ಕಾಣುತ್ತದೆ. ವಿವರಣೆಯೊಳಗೆ ಅಂಟಿಸಿದ ಚಿತ್ರಗಳು ಇಂಪೋರ್ಟ್ ಆದಮೇಲೂ ಹಳೆಯ ಸರ್ವರ್‌ನಿಂದಲೇ ಬರುತ್ತಿರುತ್ತವೆ, ಆ ಸರ್ವರ್ ನಿಲ್ಲಿಸಿದ ದಿನ ಎಲ್ಲ ಒಡೆಯುತ್ತವೆ. ಉತ್ಪನ್ನದ ಗ್ಯಾಲರಿ ಚಿತ್ರಗಳನ್ನು ಶಾಪಿಫೈ ತಾನೇ ಎಳೆದುಕೊಳ್ಳುತ್ತದೆ, ಆದರೆ ಆ ಹೊತ್ತಿಗೆ ಹಳೆಯ ಸೈಟ್ ಪಾಸ್‌ವರ್ಡ್ ಇಲ್ಲದೆ ತೆರೆದಿರಬೇಕು.

ಎಕ್ಸೆಲ್‌ನಲ್ಲಿ ಸಿಎಸ್‌ವಿಯನ್ನು ನೇರ ತೆರೆಯಬೇಡಿ. ಎಸ್‌ಕೆಯುವಿನ (ಸರಕಿನ ಗುರುತಿನ ಸಂಖ್ಯೆ) ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ, 13 ಅಂಕಿಯ ಬಾರ್‌ಕೋಡ್ 8.9ಇ+12 ಥರ ಆಗಿ ಕೊನೆಯ ಅಂಕಿಗಳು ಮರಳಿ ಸಿಗುವುದಿಲ್ಲ. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಆ ಕಾಲಂಗಳನ್ನು ಟೆಕ್ಸ್ಟ್ ಎಂದು ಗುರುತಿಸಿ, ಉಳಿಸುವಾಗ ಯುಟಿಎಫ್-8 ಆರಿಸಿ. ಇನ್ನೊಂದು, ಶಾಪಿಫೈ ಕಡತದ ಕಾಲಂ ಹೆಸರುಗಳು ಆಗಾಗ ಬದಲಾಗುತ್ತವೆ. ಹಳೆಯ ಬ್ಲಾಗ್‌ಗಳಲ್ಲಿರುವ ಮಾದರಿ ನಂಬದೆ, ನಿಮ್ಮ ಅಡ್ಮಿನ್‌ನಲ್ಲೇ ಸಿಗುವ ಮಾದರಿ ಕಡತ ಇಳಿಸಿಕೊಳ್ಳಿ.

ಮತ್ತೆ ಮತ್ತೆ ಇಂಪೋರ್ಟ್ ಮಾಡುವಾಗ ‘ಹ್ಯಾಂಡಲ್ ಒಂದೇ ಇದ್ದರೆ ಮೇಲೆ ಬರೆ’ ಆಯ್ಕೆ ಬಳಸುತ್ತೀರಿ. ಆಗ ಕಡತದಲ್ಲಿ ಇರುವ ಕಾಲಂನ ಖಾಲಿ ಕೋಶವೂ ಹಳೆಯದನ್ನು ಅಳಿಸುತ್ತದೆ. ಬದಲಾಯಿಸಬೇಕಿಲ್ಲದ ಕಾಲಂ ಇದ್ದರೆ ಇಡೀ ಕಾಲಮ್ಮನ್ನೇ ತೆಗೆದುಬಿಡಿ.

---

ದಾರಿಸೂಚಿ:

ಲಿಂಕ್‌ಗಳ ಬಗ್ಗೆ ಹೇಳುವ ಮುಂಚೆ ಒಂದು ಪ್ರಶ್ನೆ. ವರ್ಡ್‌ಪ್ರೆಸ್‌ನ ಪರ್ಮಾಲಿಂಕ್ (ಪುಟದ ಸ್ಥಿರ ವಿಳಾಸ) ಸೆಟ್ಟಿಂಗ್‌ನಲ್ಲಿ ಉತ್ಪನ್ನದ ಬುಡ, ಅಂದರೆ ವಿಳಾಸದ ಮೊದಲ ಭಾಗ, ಏನಿದೆ? ‘/ಪ್ರಾಡಕ್ಟ್/’ ಇದೆಯೋ ‘/ಶಾಪ್/’ ಇದೆಯೋ? ಇದರ ಮೇಲೆ ಇಡೀ ಯೋಜನೆ ನಿಂತಿದೆ.

ಅಷ್ಟರಲ್ಲಿ ಮಾಡಬಹುದಾದ ಕೆಲಸ ಒಂದಿದೆ. ವೂಕಾಮರ್ಸ್‌ನ ಸಿಎಸ್‌ವಿಯಲ್ಲಿ ಉತ್ಪನ್ನದ ಸ್ಲಗ್ (ವಿಳಾಸದ ಕೊನೆಯ ಭಾಗ) ಇರುವುದಿಲ್ಲ. ಸ್ಲಗ್ ಇಲ್ಲದೆ ಶೀರ್ಷಿಕೆಯಿಂದ ಹ್ಯಾಂಡಲ್ ಮಾಡಿಕೊಂಡರೆ, ಯಾವತ್ತೋ ಶೀರ್ಷಿಕೆ ತಿದ್ದಿದ ಉತ್ಪನ್ನಗಳ ವಿಳಾಸವೆಲ್ಲ ಬೇರೆಯಾಗುತ್ತದೆ. ಡೇಟಾಬೇಸ್‌ನ ಪೋಸ್ಟ್ಸ್ ಟೇಬಲ್‌ನಿಂದ, ಪೋಸ್ಟ್ ಟೈಪ್ ‘ಪ್ರಾಡಕ್ಟ್’ ಮತ್ತು ಸ್ಟೇಟಸ್ ‘ಪಬ್ಲಿಶ್’ ಇರುವ ಸಾಲುಗಳ ಐಡಿ ಮತ್ತು ‘ಪೋಸ್ಟ್ ನೇಮ್’ ತೆಗೆದುಕೊಳ್ಳಿ. ಪೋಸ್ಟ್ ನೇಮ್ ಅಂದರೆ ಸ್ಲಗ್. ಸಿಎಸ್‌ವಿಯ ಐಡಿ ಕಾಲಂ ಜೊತೆ ಹೊಂದಿಸಿ, ಅದನ್ನೇ ಹ್ಯಾಂಡಲ್ ಆಗಿ ಕೊಡಿ. ಆಗ ಹಳೆಯ, ಹೊಸ ವಿಳಾಸಗಳ ನಡುವೆ ಬುಡ ಮಾತ್ರ ಬೇರೆ, ಕೊನೆಯ ಭಾಗ ಒಂದೇ. ರೀಡೈರೆಕ್ಟ್ (ಹಳೆಯ ವಿಳಾಸವನ್ನು ಹೊಸದಕ್ಕೆ ತಿರುಗಿಸುವ) ಪಟ್ಟಿ ಒಂದು ಸೂತ್ರದಲ್ಲಿ ಆಗುತ್ತದೆ.

---

ಬಿಡಿಸರಕು:

ಸಾಲುಕಾಲಂ ಅವರೇ, ತುಂಬಾ ಧನ್ಯವಾದ. ‘ಎನಿ’ ಇರುವ ವೇರಿಯೇಷನ್‌ಗಳು 214 ಸಿಕ್ಕವು, ಕಾಣೆಯಾದವೆಲ್ಲ ಅವೇ.

ದಾರಿಸೂಚಿ ಅವರಿಗೆ: ಬುಡ ‘/ಶಾಪ್/’ ಇದೆ. ಉತ್ಪನ್ನದ ವಿಳಾಸ ‘/ಶಾಪ್/ನೀಲಿ-ಅಂಗಿ/’ ಈ ರೀತಿ. ಕೆಟಗರಿಗಳು ‘/ಪ್ರಾಡಕ್ಟ್-ಕೆಟಗರಿ/’ ಕೆಳಗಿವೆ. ಇದರಲ್ಲಿ ತೊಂದರೆ ಏನು?

---

ದಾರಿಸೂಚಿ:

ತೊಂದರೆ ದೊಡ್ಡದೇ, ಆದರೆ ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು. ಶಾಪಿಫೈನಲ್ಲಿ ವಿಳಾಸದ ಬುಡ ಸ್ಥಿರ: ಉತ್ಪನ್ನಕ್ಕೆ ‘/ಪ್ರಾಡಕ್ಟ್ಸ್/’, ಗುಂಪಿಗೆ ‘/ಕಲೆಕ್ಷನ್ಸ್/’, ಪುಟಕ್ಕೆ ‘/ಪೇಜಸ್/’, ಬರಹಕ್ಕೆ ‘/ಬ್ಲಾಗ್ಸ್/’. ಇವನ್ನು ಬದಲಿಸಲು ಬರುವುದಿಲ್ಲ. ಹಾಗಾಗಿ ರೀಡೈರೆಕ್ಟ್ ಎಲ್ಲರಿಗೂ ಬೇಕೇ ಬೇಕು. ಆದರೆ ಕೆಲವು ಬುಡಗಳಿಂದ ರೀಡೈರೆಕ್ಟ್ ಮಾಡಲು ಶಾಪಿಫೈ ಬಿಡುವುದಿಲ್ಲ. ಆಪ್ಸ್, ಅಪ್ಲಿಕೇಶನ್, ಕಾರ್ಟ್, ಕಾರ್ಟ್ಸ್, ಆರ್ಡರ್ಸ್, ಸರ್ವಿಸಸ್, ಮತ್ತು ಶಾಪ್. ನಿಮ್ಮ 1,400 ಉತ್ಪನ್ನಗಳೂ ಈ ಪಟ್ಟಿಯ ಕೊನೆಯದರ ಕೆಳಗಿವೆ. ಪ್ರಯೋಗದ ಅಂಗಡಿಯಲ್ಲಿ ಇಂಥ ಒಂದು ರೀಡೈರೆಕ್ಟ್ ಸೇರಿಸಿ ನೀವೇ ಖಚಿತಪಡಿಸಿಕೊಳ್ಳಿ.

ಆದ್ದರಿಂದ ಸಾಗಣೆಯನ್ನು ಎರಡು ಹೆಜ್ಜೆ ಮಾಡಿ. ಮೊದಲ ಹೆಜ್ಜೆ ವೂಕಾಮರ್ಸ್‌ನಲ್ಲೇ. ಪರ್ಮಾಲಿಂಕ್ ಸೆಟ್ಟಿಂಗ್‌ನಲ್ಲಿ ಉತ್ಪನ್ನದ ಬುಡವನ್ನು ‘ಕಸ್ಟಮ್ ಬೇಸ್’ ಆರಿಸಿ ‘/ಪ್ರಾಡಕ್ಟ್ಸ್/’ ಎಂದು ಕೊಡಿ, ಶಾಪಿಫೈನದ್ದೇ ಬುಡ. ಸ್ಲಗ್ಗೇ ಹ್ಯಾಂಡಲ್ ಆದರೆ, ಮುಂದೆ ಸಾಗಿಸುವ ದಿನ ಉತ್ಪನ್ನಗಳ ವಿಳಾಸ ಬದಲಾಗುವುದೇ ಇಲ್ಲ. ಹಳೆಯ ‘/ಶಾಪ್/ಸ್ಲಗ್/’ನಿಂದ ಹೊಸದಕ್ಕೆ ಸರ್ವರ್ ಮಟ್ಟದಲ್ಲೇ 301 (ಶಾಶ್ವತ ರೀಡೈರೆಕ್ಟ್) ನಿಯಮ ಬರೆಯಿರಿ. ಸರ್ವರ್ ತಂತ್ರಾಂಶ ಅಪಾಚೆಯಾಗಲಿ ಎಂಜಿನ್‌ಎಕ್ಸ್ ಆಗಲಿ, ಒಂದು ಸಾಲಿನ ರೆಗೆಕ್ಸ್ (ವಿಳಾಸದ ಮಾದರಿ ಗುರುತಿಸುವ ಬರಹ) ಸಾಕು. ಹಾಗೆ ಬರೆಯುವಾಗ ಎರಡು ವಿಳಾಸ ಬಿಟ್ಟುಬಿಡಿ: ಬರೀ ‘/ಶಾಪ್/’, ಏಕೆಂದರೆ ಅದು ಅಂಗಡಿಯ ಮುಖ್ಯ ಪುಟ, ಮತ್ತು ‘/ಶಾಪ್/ಪೇಜ್/2/’ ಥರದ ಪುಟಸಂಖ್ಯೆಗಳು. ಇವು ನಿಯಮಕ್ಕೆ ಸಿಕ್ಕಿದರೆ ಮುಂದಿನ ಪುಟಗಳೆಲ್ಲ 404 (ಪುಟ ಸಿಗಲಿಲ್ಲ) ಆಗುತ್ತವೆ. ವರ್ಡ್‌ಪ್ರೆಸ್ ಕೆಲವೊಮ್ಮೆ ತಾನೇ ಊಹಿಸಿ ತಿರುಗಿಸುತ್ತದೆ. ಅದನ್ನು ನಂಬಿ ಕೂರಬೇಡಿ, ಹೆಸರು ಹತ್ತಿರವಿರುವ ಬೇರೆ ಉತ್ಪನ್ನಕ್ಕೂ ಕಳಿಸಬಹುದು.

ಆಮೇಲೆ ಕಾಯಬೇಕು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಹೊಸ ವಿಳಾಸಗಳಿಗೆ ಕ್ಲಿಕ್ ಬರುತ್ತಿವೆ, ಹಳೆಯವು ‘ಪೇಜ್ ವಿತ್ ರೀಡೈರೆಕ್ಟ್’ ಪಟ್ಟಿಗೆ ಹೋಗಿವೆ ಎಂದು ಕಂಡಮೇಲೆ ಎರಡನೇ ಹೆಜ್ಜೆ ಇಡಿ. ಇದನ್ನು ಅವಸರದಲ್ಲಿ ಮಾಡಿದರೆ ಮಾಡಿಯೂ ಪ್ರಯೋಜನವಿಲ್ಲ. ಹೊರಗಿನ ಸೈಟ್‌ಗಳಲ್ಲಿರುವ ಹಳೆಯ ‘/ಶಾಪ್/’ ಲಿಂಕ್‌ಗಳಲ್ಲಿ ಹೆಚ್ಚು ಜನ ಬರುವವನ್ನು ಈ ಅವಧಿಯಲ್ಲೇ ಸಂಬಂಧಪಟ್ಟವರಿಗೆ ಬರೆದು ತಿದ್ದಿಸಿ. ಸಾಗಿಸಿದ ಮೇಲೆ ಅವು ಒಡೆಯುತ್ತವೆ.

ಕೆಟಗರಿಗಳಿಗೆ ಶಾಪಿಫೈನ ರೀಡೈರೆಕ್ಟ್ ಪಟ್ಟಿಯೇ ಸಾಕು. ಎರಡು ಕಾಲಂನ ಸಿಎಸ್‌ವಿ, ಎಲ್ಲಿಂದ, ಎಲ್ಲಿಗೆ. ‘/ಪ್ರಾಡಕ್ಟ್-ಕೆಟಗರಿ/ಉಡುಪು/ಅಂಗಿ/’ ಇದ್ದದ್ದು ‘/ಕಲೆಕ್ಷನ್ಸ್/ಅಂಗಿ’ ಆಗುತ್ತದೆ. ಶಾಪಿಫೈ ಕಲೆಕ್ಷನ್‌ಗಳಲ್ಲಿ ತಾಯಿ-ಮಗು ಹಂತ ಇಲ್ಲ, ಎಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಮೂರು ಹಂತದ ನೋಟವನ್ನು ಮೆನುವಿನಲ್ಲಿ ಕಟ್ಟಬೇಕು. ಎರಡು ಬೇರೆ ಕೆಟಗರಿಗಳ ಕೆಳಗೆ ಒಂದೇ ಹೆಸರಿನ ಉಪಕೆಟಗರಿ ಇದ್ದರೆ ಮೊದಲೇ ಬೇರೆ ಬೇರೆ ಹ್ಯಾಂಡಲ್ ಕೊಡಿ. ಉತ್ಪನ್ನಗಳನ್ನು ಕೈಯಲ್ಲಿ ಸೇರಿಸುವ ಬದಲು ವೂಕಾಮರ್ಸ್ ಕೆಟಗರಿಯನ್ನು ಟ್ಯಾಗ್ ಆಗಿ ತಂದು, ಟ್ಯಾಗ್ ಆಧಾರದ ಸ್ವಯಂಚಾಲಿತ ಕಲೆಕ್ಷನ್ ಮಾಡುವುದು ವಾಸಿ.

ನೆನಪಿಡಬೇಕಾದ್ದು: ಶಾಪಿಫೈನ ರೀಡೈರೆಕ್ಟ್ ಕೆಲಸ ಮಾಡುವುದು ಆ ವಿಳಾಸದಲ್ಲಿ ಯಾವ ಪುಟವೂ ಇಲ್ಲದಿದ್ದಾಗ ಮಾತ್ರ. ಹಳೆಯ ಸೈಟ್‌ನಲ್ಲಿ ಪ್ಲಗಿನ್‌ನಿಂದ ಮಾಡಿದ ರೀಡೈರೆಕ್ಟ್‌ಗಳಿದ್ದರೆ ಅವನ್ನೂ ತನ್ನಿ, ಸರಪಳಿಯಾಗದಂತೆ ನೇರ ಕೊನೆಯ ವಿಳಾಸಕ್ಕೆ ಕೊಡಿ. ಮಾರಾಟ ನಿಂತ ಉತ್ಪನ್ನಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಬೇಡಿ, ಗೂಗಲ್ ಅದನ್ನು ಸಾಫ್ಟ್ 404 (ಇದ್ದೂ ಇಲ್ಲದಂಥ ಪುಟ) ಎಂದೇ ಪರಿಗಣಿಸುತ್ತದೆ. ಹತ್ತಿರದ ಕಲೆಕ್ಷನ್‌ಗೆ ಕಳಿಸಿ.

---

ಹಳೇಆರ್ಡರ್:

ಆರ್ಡರ್, ಖಾತೆಗಳ ಬಗ್ಗೆ.

ಗಿರಾಕಿಗಳ ಪಾಸ್‌ವರ್ಡ್ ಬರುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿರುವುದು ಹ್ಯಾಶ್ (ಮರಳಿ ಓದಲಾಗದ ರೂಪ), ಶಾಪಿಫೈ ಅದನ್ನು ತೆಗೆದುಕೊಳ್ಳುವುದಿಲ್ಲ. ಶಾಪಿಫೈನ ಹೊಸ ಮಾದರಿಯ ಗಿರಾಕಿ ಖಾತೆ ಆರಿಸಿದರೆ ಈ ಚಿಂತೆಯೇ ಇಲ್ಲ, ಪಾಸ್‌ವರ್ಡ್ ಬದಲು ಇಮೇಲ್‌ಗೆ ಬರುವ 6 ಅಂಕಿಯ ಕೋಡ್‌ನಿಂದ ಒಳಬರುತ್ತಾರೆ. ಇಮೇಲ್ ಹೊಂದಿದರೆ ಹಳೆಯ ಆರ್ಡರ್ ತಾನೇ ಕಾಣುತ್ತದೆ. ಖಾತೆ ಮಾಡದೆ ಕೊಂಡವರು ಬಳಕೆದಾರರ ಪಟ್ಟಿಯಲ್ಲಿ ಇರುವುದಿಲ್ಲ, ಅವರನ್ನು ಆರ್ಡರ್‌ಗಳಿಂದ ಹೆಕ್ಕಬೇಕು. ಫೋನ್ ನಂಬರ್ ದೇಶದ ಕೋಡ್ ಸಮೇತ ಇರಲಿ, ಒಂದೇ ನಂಬರ್ ಇಬ್ಬರಿಗಿದ್ದರೆ ಎರಡನೆಯದು ತಿರಸ್ಕೃತವಾಗುತ್ತದೆ. ಮಾರ್ಕೆಟಿಂಗ್ ಇಮೇಲ್‌ಗೆ ಒಪ್ಪಿಗೆ ಕೊಟ್ಟವರಿಗೆ ಮಾತ್ರ ‘ಯೆಸ್’ ಹಾಕಿ, ಎಲ್ಲರಿಗೂ ಹಾಕುವುದು ತಪ್ಪು.

ಆರ್ಡರ್ ಇಂಪೋರ್ಟ್ ಮಾಡಲು ಶಾಪಿಫೈ ಅಡ್ಮಿನ್‌ನಲ್ಲಿ ಸಿಎಸ್‌ವಿ ಗುಂಡಿ ಇಲ್ಲ. ಮೇಟ್ರಿಕ್ಸಿಫೈ ಥರದ ಆಪ್ ಅಥವಾ ಅಡ್ಮಿನ್ ಎಪಿಐ (ಪ್ರೋಗ್ರಾಂ ಮೂಲಕ ಮಾಹಿತಿ ಹಾಕುವ ದಾರಿ) ಬೇಕು. ಡೇಟಾಬೇಸ್‌ನಿಂದ ನೇರ ತೆಗೆಯುವುದಾದರೆ, ನಿಮ್ಮ ಅಂಗಡಿ ಹೈ ಪರ್ಫಾರ್ಮೆನ್ಸ್ ಆರ್ಡರ್ ಸ್ಟೋರೇಜ್ ಬಳಸುತ್ತಿದೆಯೇ ನೋಡಿ. ವೂಕಾಮರ್ಸ್ 8.2ರಿಂದ ಹೊಸ ಅಂಗಡಿಗಳಿಗೆ ಅದೇ ಡಿಫಾಲ್ಟ್, ಆರ್ಡರ್‌ಗಳು ಪೋಸ್ಟ್ಸ್ ಟೇಬಲ್‌ನಲ್ಲಿ ಇರುವುದಿಲ್ಲ.

ಎಪಿಐಯಲ್ಲಿ ಹಾಕುವಾಗ ಹಳೆಯ ದಿನಾಂಕವನ್ನು ‘ಪ್ರೊಸೆಸ್ಡ್ ಅಟ್’ನಲ್ಲಿ ಕೊಡಿ, ಇಲ್ಲದಿದ್ದರೆ 22,000 ಆರ್ಡರ್ ಇವತ್ತೇ ಬಂದಂತೆ ವರದಿಯಲ್ಲಿ ಕೂರುತ್ತವೆ. ಮುಗಿದ ಆರ್ಡರ್‌ಗಳನ್ನು ‘ಫುಲ್‌ಫಿಲ್ಡ್’ ಎಂದೇ ಹಾಕಿ. ಬಾಕಿ ಎಂದು ಬಂದರೆ ಶಾಪಿಫೈ ಆ ಮಾಲನ್ನು ‘ಕಮಿಟೆಡ್’ ಎಂದು ಎಣಿಸಿ, ಮಾರಾಟಕ್ಕಿರುವ ಸ್ಟಾಕ್ ಇಳಿಸುತ್ತದೆ. ರಸೀದಿ ಮತ್ತು ರವಾನೆಯ ಇಮೇಲ್ ಹೋಗದಂತೆ ನೋಡಿಕೊಂಡು, ಮೊದಲು ನಿಮ್ಮದೇ ಇಮೇಲ್ ಇರುವ ಐದಾರು ಆರ್ಡರ್ ಹಾಕಿ ಪರೀಕ್ಷಿಸಿ. ಶಾಪಿಫೈನ ಆರ್ಡರ್ ಸಂಖ್ಯೆ 1001ರಿಂದ ಶುರು, ಆ ಆರಂಭವನ್ನು ಬದಲಿಸಲಾಗದು. ಹಿಂದೆ ಮುಂದೆ ಅಕ್ಷರ ಸೇರಿಸಬಹುದು ಅಷ್ಟೆ. ಹೊಸ ಆರ್ಡರ್‌ಗೆ ಒಂದು ಅಕ್ಷರ ಸೇರಿಸಿಬಿಟ್ಟರೆ ಹಳೆಯದರ ಜೊತೆ ಗೊಂದಲವಾಗದು.

ರಿವ್ಯೂಗಳು ವರ್ಡ್‌ಪ್ರೆಸ್‌ನ ಕಾಮೆಂಟ್ಸ್ ಟೇಬಲ್‌ನಲ್ಲಿ, ನಕ್ಷತ್ರ ಕಾಮೆಂಟ್‌ಮೆಟಾದಲ್ಲಿ ‘ರೇಟಿಂಗ್’ ಹೆಸರಲ್ಲಿ ಇರುತ್ತದೆ. ಶಾಪಿಫೈಗೆ ರಿವ್ಯೂ ಆಪ್ ಬೇಕು. ಕೂಪನ್‌ಗಳನ್ನು ಹೊಸದಾಗಿ ಮಾಡಿದರೆ ಬಳಕೆಯ ಎಣಿಕೆ ಸೊನ್ನೆಗೆ ಬರುತ್ತದೆ, ಒಂದೇ ಸಲ ಬಳಸಬೇಕಾದ ಕೋಡ್ ಮತ್ತೆ ಜೀವ ಪಡೆಯುತ್ತದೆ. ಬಳಸಿ ಮುಗಿದವನ್ನು ತರಲೇಬೇಡಿ.

ಜಾಹೀರಾತು ನಡೆಸುತ್ತಿದ್ದರೆ ಮರ್ಚೆಂಟ್ ಸೆಂಟರ್‌ನ (ಗೂಗಲ್‌ಗೆ ಉತ್ಪನ್ನಗಳ ಪಟ್ಟಿ ಕೊಡುವ ಜಾಗ) ಉತ್ಪನ್ನ ಐಡಿ ಗಮನಿಸಿ. ಶಾಪಿಫೈನ ಗೂಗಲ್ ಆಪ್ ತನ್ನದೇ ಐಡಿ ಕೊಡುತ್ತದೆ. ಐಡಿ ಬದಲಾದರೆ ಗೂಗಲ್‌ಗೆ ಅದು ಹೊಸ ಉತ್ಪನ್ನ, ಹಿಂದಿನ ಫಲಿತಾಂಶವೆಲ್ಲ ಬಿಟ್ಟುಹೋಗುತ್ತದೆ. ಹಳೆಯ ಐಡಿಯನ್ನು ಮೆಟಾಫೀಲ್ಡ್‌ನಲ್ಲಿ ಉಳಿಸಿ, ಅದನ್ನೇ ಕಳಿಸಬಲ್ಲ ಫೀಡ್ ಆಪ್ ಬಳಸಿ.

---

ವಲಯಕಡತ:

ಡೊಮೇನ್ ತಿರುಗಿಸುವ ದಿನಕ್ಕೆ ನನ್ನದು ಇಷ್ಟು. ಹಿಂದಿನ ದಿನವೇ ಡಿಎನ್‌ಎಸ್‌ನ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕೆಂಬ ದಾಖಲೆ) ಟಿಟಿಎಲ್ (ಹಳೆಯ ದಾಖಲೆ ನೆನಪಿನಲ್ಲಿ ಉಳಿಯುವ ಅವಧಿ) 300 ಸೆಕೆಂಡಿಗೆ ಇಳಿಸಿ. ಬದಲಿಸಬೇಕಾದ್ದು ಮೂಲ ಡೊಮೇನ್‌ನ ಎ ರೆಕಾರ್ಡ್ (23.227.38.65) ಮತ್ತು ಡಬ್ಲ್ಯುಡಬ್ಲ್ಯುಡಬ್ಲ್ಯುನ ಸಿನೇಮ್ (ಶಾಪ್ಸ್ ಡಾಟ್ ಮೈಶಾಪಿಫೈ ಡಾಟ್ ಕಾಂ). ನೇಮ್‌ಸರ್ವರ್ ಬದಲಿಸಬೇಡಿ. ಹಾಗೆ ಮಾಡಿದರೆ ಇಮೇಲ್‌ಗೆ ಸಂಬಂಧಿಸಿದ ಎಂಎಕ್ಸ್, ಎಸ್‌ಪಿಎಫ್ ರೆಕಾರ್ಡ್‌ಗಳು ಹಿಂದೆಯೇ ಉಳಿದು ಕಚೇರಿಯ ಇಮೇಲ್ ನಿಲ್ಲುತ್ತದೆ.

ಬಹಳ ಮಂದಿ ಮರೆಯುವುದು ಹಳೆಯ ಹೋಸ್ಟಿಂಗ್‌ನ ಕ್ವಾಡ್-ಎ (ಐಪಿವಿ6 ವಿಳಾಸದ) ರೆಕಾರ್ಡ್. ಅದು ಉಳಿದರೆ ಐಪಿವಿ6 ಇರುವ ಫೋನ್‌ಗಳು ಹಳೆಯ ಅಂಗಡಿಗೇ ಹೋಗುತ್ತವೆ, ನಿಮ್ಮ ಕಚೇರಿಯಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ಸರ್ಟಿಫಿಕೇಟ್ ಬಾಕಿ ಎಂದೇ ತೋರಿಸುತ್ತಿದ್ದರೆ ಮೊದಲು ನೋಡಬೇಕಾದ್ದೂ ಇದನ್ನೇ, ಆಮೇಲೆ ಸಿಎಎ ರೆಕಾರ್ಡ್ (ಯಾರು ಸರ್ಟಿಫಿಕೇಟ್ ಕೊಡಬಹುದೆಂದು ಹೇಳುವುದು).

ಸರ್ಚ್ ಕನ್ಸೋಲ್ ಮಾಲೀಕತ್ವವನ್ನು ಹಳೆಯ ಸರ್ವರ್‌ನ ಕಡತದಿಂದ ದೃಢಪಡಿಸಿದ್ದರೆ ಅದು ಹೋಗಿಬಿಡುತ್ತದೆ, ಮೊದಲೇ ಡಿಎನ್‌ಎಸ್ ಟಿಎಕ್ಸ್‌ಟಿ ರೆಕಾರ್ಡ್‌ಗೆ ಬದಲಿಸಿ. ತಿರುಗಿಸಿದ ಮೇಲೆ ಶಾಪಿಫೈ ಅಂಗಡಿಯ ಪಾಸ್‌ವರ್ಡ್ ತೆಗೆದು ಹೊಸ ಸೈಟ್‌ಮ್ಯಾಪ್ ಕೊಡಿ. ಡೊಮೇನ್ ಅದೇ ಆದ್ದರಿಂದ ವಿಳಾಸ ಬದಲಾವಣೆಯ ಉಪಕರಣ ಬೇಕಿಲ್ಲ.

ಆರ್ಡರ್ ನಿಲ್ಲಿಸುವುದು ಹೀಗೆ: ವೂಕಾಮರ್ಸ್‌ನಲ್ಲಿ ಪಾವತಿ ವಿಧಾನಗಳನ್ನೆಲ್ಲ ನಿಷ್ಕ್ರಿಯಗೊಳಿಸಿ, ಚೆಕ್‌ಔಟ್‌ನಲ್ಲಿ ಸೂಚನೆ ಹಾಕಿ, ಪುಟಗಳು ಮಾತ್ರ ತೆರೆದೇ ಇರಲಿ. ಆಮೇಲೆ ಕೊನೆಯ ಇಂಪೋರ್ಟ್‌ನಿಂದ ಈಚೆಗಿನ ಆರ್ಡರ್, ಗಿರಾಕಿ, ಸ್ಟಾಕ್ ಅಷ್ಟನ್ನೇ ತನ್ನಿ.

---

ಬಿಡಿಸರಕು:

ಎಲ್ಲರಿಗೂ ಧನ್ಯವಾದ. ಪರ್ಮಾಲಿಂಕ್ ಬದಲಾವಣೆಯಿಂದಲೇ ಶುರು ಮಾಡುತ್ತೇವೆ. ಒಂದು ಉಳಿಯಿತು: ತಿರುಗಿಸಿದ ಮೇಲೆ ಹಳೆಯ ಸರ್ವರನ್ನು ಎಷ್ಟು ದಿನ ಇಡಬೇಕು? ಕೆಲವರು ತಿಂಗಳ ಸಬ್‌ಸ್ಕ್ರಿಪ್ಷನ್‌ನಲ್ಲೂ ಇದ್ದಾರೆ.

---

ಹಳೇಆರ್ಡರ್:

ಹಳೆಯ ಆರ್ಡರ್‌ಗಳ ರೀಫಂಡ್ ಅವಧಿ ಮುಗಿಯುವವರೆಗಾದರೂ ಇಡಿ. ಹಳೆಯ ಪಾವತಿ ಗೇಟ್‌ವೇಯಲ್ಲಿ ತೆಗೆದುಕೊಂಡ ಹಣವನ್ನು ಶಾಪಿಫೈಗೆ ತಂದ ಆರ್ಡರ್‌ನಿಂದ ಮರಳಿಸಲಾಗದು, ಗೇಟ್‌ವೇಯ ಪುಟದಿಂದಲೋ ವೂಕಾಮರ್ಸ್‌ನಿಂದಲೋ ಮಾಡಬೇಕು. ಬೇರೆ ಸಬ್‌ಡೊಮೇನ್‌ಗೆ ಸರಿಸಿ, ಪಾಸ್‌ವರ್ಡ್ ಹಾಕಿ.

ಸಬ್‌ಸ್ಕ್ರಿಪ್ಷನ್ ಇದ್ದರೆ ಇನ್ನೊಂದು ಅಪಾಯವಿದೆ. ವೂಕಾಮರ್ಸ್‌ನ ಆಕ್ಷನ್ ಶೆಡ್ಯೂಲರ್ (ನಿಗದಿತ ಕೆಲಸ ತಾನೇ ನಡೆಸುವ ಭಾಗ) ಡೊಮೇನ್ ಹೋದದ್ದನ್ನು ತಿಳಿಯುವುದಿಲ್ಲ. ಸರ್ವರ್‌ನಲ್ಲಿ ಕ್ರಾನ್ (ಸಮಯಕ್ಕೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ಓಡುತ್ತಿದ್ದರೆ ನವೀಕರಣದ ದಿನ ಕಾರ್ಡ್‌ನಿಂದ ಹಣ ಕಡಿತವಾಗಿ, ಯಾರೂ ನೋಡದ ಅಡ್ಮಿನ್‌ನಲ್ಲಿ ಆರ್ಡರ್ ಹುಟ್ಟುತ್ತದೆ. ಅದೇ ಗಿರಾಕಿಯನ್ನು ಹೊಸ ಕಡೆಯೂ ಸೇರಿಸಿದ್ದರೆ ಎರಡು ಸಲ ಕಡಿತ. ತಿರುಗಿಸುವ ಮುಂಚೆಯೇ ಎಲ್ಲ ಸಬ್‌ಸ್ಕ್ರಿಪ್ಷನ್‌ಗಳನ್ನು ಮ್ಯಾನ್ಯುವಲ್ ನವೀಕರಣಕ್ಕೆ ಹಾಕಿ, ಕ್ರಾನ್ ನಿಲ್ಲಿಸಿ.

ಕಾರ್ಡ್ ಟೋಕನ್‌ಗಳು (ಉಳಿಸಿಟ್ಟ ಕಾರ್ಡ್‌ನ ಗುರುತು) ಅಂಗಡಿಯಲ್ಲಿಲ್ಲ, ಗೇಟ್‌ವೇ ಬಳಿ ಇವೆ. ಹೊಸ ಕಡೆಯ ಸಬ್‌ಸ್ಕ್ರಿಪ್ಷನ್ ಆಪ್ ಅವನ್ನು ಒಪ್ಪುತ್ತದೆಯೇ ಎಂದು ಗೇಟ್‌ವೇಯನ್ನೂ ಆಪ್‌ನವರನ್ನೂ ಇಮೇಲ್‌ನಲ್ಲಿ ಕೇಳಿ, ಲಿಖಿತ ಉತ್ತರ ಪಡೆಯಿರಿ. ಒಪ್ಪದಿದ್ದರೆ ಗಿರಾಕಿಗಳು ಕಾರ್ಡನ್ನು ಮತ್ತೆ ಕೊಡಬೇಕಾಗುತ್ತದೆ. ಆ ಕೋರಿಕೆಯ ಇಮೇಲ್ ಅವರ ಮುಂದಿನ ನವೀಕರಣಕ್ಕೆ ಕನಿಷ್ಠ ಎರಡು ವಾರ ಮುಂಚೆ ಹೋಗಲಿ.